ಗೋಡೆಯಾಚೆಯ ಜರ್ಮನ್ ವಾರ್ತೆ

ಕಳೆದ ವರ್ಷದ ಬೇಸಿಗೆಯ ಮಾತು. ನಾವು ಅಮೆರಿಕಕ್ಕೆ ಬಂದು ಆರು ವರ್ಷ, ನ್ಯೂಜೆರ್ಸಿಯ ಪಿಸ್ಕಾಟವೇಗೆ ಬಂದು ಎರಡು ವರ್ಷವಾಗಿತ್ತು. ನಾನು ಇಲ್ಲಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವಾರಕ್ಕೊಂದು ದಿನ ಮನೆಯಲ್ಲೇ ಕುಳಿತು ರಿಪೋರ್ಟು ಬರೆಯಲು ಬಿಡುತ್ತಾರೆ. ಅಂಥ ಒಂದು ದಿನ ಮಧ್ಯಾಹ್ನ, ಊಟಕ್ಕೆ ಏಳಬೇಕೆನ್ನುವಾಗ ಗದಗದಿಂದ ಅವ್ವನ ಫೋನ್ ಬಂತು.

ಅವ್ವ ಆ ಹೊತ್ತಿಗೆ ಫೋನ್ ಮಾಡುವವಳಲ್ಲ. ಅಲ್ಲಿ ಆಗಲೇ ಊಟ ಮುಗಿಸಿ ಹಾಸಿಗೆ ಹಾಸುವ ಸಮಯ. ಎತ್ತಿದ ಕೂಡಲೇ ಕೇಳಿದಳು, "ನೀಲವ್ವ, ಶೋಭಾನ ಕೂಡ ಮಾತಾಡಿಯೇನು? ನಿನ್ನಿಯಿಂದ ಅಕಿ ಫೋನ್ ಹತ್ತವಲ್ದು. ಟಿವ್ಯಾಗ ಜರ್ಮನಿ ತೋರಿಸಾಕತ್ತಾರ. ಹೊಳಿ ಬಂದು ಮನಿ ಮನಿನ ಹೊತ್ಕೊಂಡು ಹೋಗೇತಂತ."

ಶೋಭಾ ನನ್ನ ತಂಗಿ. ಜರ್ಮನಿಯ ಲಿಂಡೆನ್‌ಬಾಖ್ ಎಂಬ ಸಣ್ಣ ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ನರ್ಸ್. ಅವಳ ಬಗ್ಗೆ ಹೇಳುವ ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಬೇಕು, ಇಲ್ಲದಿದ್ದರೆ ಆ ದಿನ ನನಗೆ ಆದ ಸಂಕಟ ಅರ್ಥವಾಗುವುದಿಲ್ಲ.

ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು. ಬಿಸಿಲು ಮಳೆ ಎನ್ನದೆ ಹಳಿಯ ಮೇಲೆ ನಡೆದೇ ಅವರ ಸರ್ವಿಸ್ ಮುಗಿಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಪಾಸಾದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹಾಸ್ಟೆಲಿನಲ್ಲಿ ಸೀಟು ಸಿಗದೆ, ಗದಗದಿಂದ ಧಾರವಾಡಕ್ಕೆ ಪ್ಯಾಸೆಂಜರ್ ರೈಲಿನಲ್ಲಿ ನಿಂತುಕೊಂಡು ಓಡಾಡಿ ಎಂ.ಎಸ್ಸಿ. ಮುಗಿಸಿದವಳು ನಾನು. ಶೋಭಾಳಿಗೆ ಪಿಯುಸಿ ಮುಗಿದ ಕೂಡಲೇ ಮನೆಗೆ ಗಂಡು ನೋಡಲು ಬರುವವರಿದ್ದರು. ನಾನು ಅಡ್ಡ ನಿಂತು ಅವಳನ್ನು ನರ್ಸಿಂಗ್ ಸೇರಿಸಿದೆ. ಮುಂದೆ, ಜರ್ಮನಿಯಲ್ಲಿ ನರ್ಸುಗಳು ಬೇಕಾಗಿದ್ದಾರೆ, ಭಾಷೆ ಕಲಿತರೆ ಕರೆಸಿಕೊಳ್ಳುತ್ತಾರೆ ಎಂದು ಗೊತ್ತಾದಾಗ, ಬೆಂಗಳೂರಿಗೆ ಹೋಗಿ ಜರ್ಮನ್ ಕಲಿ ಎಂದು ಬೆನ್ನು ಹತ್ತಿದವಳೂ ನಾನೇ. ಅವ್ವನಿಗೆ ಮನಸ್ಸಿರಲಿಲ್ಲ. ಒಬ್ಬಳು ಅಮೆರಿಕಕ್ಕೆ ಹೋದದ್ದು ಸಾಲದೆ ಇನ್ನೊಬ್ಬಳನ್ನೂ ಕಳಿಸುತ್ತೀಯಾ ಎಂದು ತಿಂಗಳುಗಟ್ಟಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹೀಗಾಗಿ ಅವಳು ಅಲ್ಲಿರುವುದಕ್ಕೆ ಪೂರ್ತಿ ಕಾರಣ ನಾನು. ಅವಳಿಗೆ ಏನಾದರೂ ಆದರೆ ಅದಕ್ಕೂ ನಾನೇ.

ಅವ್ವನಿಗೆ ಹೆದರಬೇಡ ಎಂದು ಹೇಳಿ ಶೋಭಾಳಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ವಾಟ್ಸಾಪ್ ತೆಗೆದು ನೋಡಿದರೆ ನಾನು ಹಿಂದಿನ ದಿನ ಕಳಿಸಿದ್ದ ಮೆಸೇಜಿಗೆ ಒಂದೇ ಗೀಟು ಬಿದ್ದಿತ್ತು. ಅದು ಅವಳಿಗೆ ತಲುಪಿಯೇ ಇರಲಿಲ್ಲ. ಅವಳ ಮೊಬೈಲ್ ನಂಬರ್ ಬಿಟ್ಟರೆ ನನ್ನಲ್ಲಿ ಬೇರೆ ನಂಬರ್ ಇರಲಿಲ್ಲ. ಆಶ್ರಮದ ಹೆಸರು ಗೊತ್ತಿರಲಿಲ್ಲ, ಚರ್ಚಿನವರು ನಡೆಸುತ್ತಾರೆ ಎಂದಷ್ಟೇ ಗೊತ್ತು. ವಿಳಾಸವನ್ನೂ ನಾನು ಕೇಳಿರಲಿಲ್ಲ. ದಿನಾ ವಿಡಿಯೋ ಕಾಲ್‌ನಲ್ಲಿ ಮುಖ ಕಾಣುವಾಗ ವಿಳಾಸ ಯಾರಿಗೆ ಬೇಕು? ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ಶೋಭಾ ಫ್ರಾಂಕ್‌ಫರ್ಟ್ ಹತ್ತಿರ ಇದ್ದಾಳೆ.

ಮ್ಯಾಪಿನಲ್ಲಿ ಹುಡುಕಿದರೆ ಲಿಂಡೆನ್‌ಬಾಖ್ ಎಂಬ ಹೆಸರಿನ ಊರುಗಳು ಜರ್ಮನಿಯ ತುಂಬ ಇದ್ದವು. ನಮ್ಮ ಕಡೆ ಬಸಾಪುರ, ರಾಮಾಪುರ ಇರುವ ಹಾಗೆ. ಅಮೆರಿಕದ ಚಾನೆಲ್‌ಗಳಲ್ಲಿ ಪ್ರವಾಹದ ಸುದ್ದಿ ಅರ್ಧ ನಿಮಿಷ ಬಂದು ಹೋಯಿತು. ಕೆಂಪು ನೀರು, ಅದರಲ್ಲಿ ತಲೆಕೆಳಗಾದ ಕಾರು. ಅವರು ಓದಿದ ಊರಿನ ಹೆಸರುಗಳಲ್ಲಿ ಯಾವುದೂ ನನಗೆ ತಿಳಿಯಲಿಲ್ಲ. ಜರ್ಸಿ ಸಿಟಿಯ ಆಫೀಸಿನಲ್ಲಿದ್ದ ನನ್ನ ಗಂಡ ಮಂಜುನಾಥ್‌ಗೆ ಫೋನ್ ಮಾಡಿದೆ. ಅವರು ಮೈಸೂರಿನವರು, ಯಾವುದಕ್ಕೂ ಅವಸರ ಮಾಡದ ಮನುಷ್ಯ. "ನೀನು ಪ್ಯಾನಿಕ್ ಆಗ್ಬೇಡ, ಟವರ್ ಹೋಗಿರತ್ತೆ ಅಷ್ಟೆ. ನಾನು ಈಗ್ಲೇ ಹೊರಟೆ" ಎಂದರು. ಅವರು ಅಷ್ಟು ಬೇಗ ಹೊರಟೆ ಎಂದದ್ದು ಕೇಳಿ ನನಗೆ ಇನ್ನೂ ಹೆದರಿಕೆಯಾಯಿತು.

ಆಗ ಗೋಡೆಯಾಚೆಯಿಂದ ಟಿವಿಯ ಸದ್ದು ಕೇಳಿಸಿತು. ಜರ್ಮನ್ ವಾರ್ತೆ.

ಪಕ್ಕದ ಮನೆಯಲ್ಲಿದ್ದವರು ಮಿಸ್ಟರ್ ಬೆಕರ್. ಜರ್ಮನಿಯಿಂದ ಹರೆಯದಲ್ಲೇ ಬಂದು, ನ್ಯೂವರ್ಕ್‌ನಲ್ಲಿ ವಿಮಾನದಲ್ಲಿ ಸರಕು ಕಳಿಸುವ ಆಫೀಸೊಂದರಲ್ಲಿ ದುಡಿದು ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಕಿವಿ ಮಂದ, ಹಾಗಾಗಿ ಅವರು ಇಂಟರ್‌ನೆಟ್ ಮೂಲಕ ನೋಡುವ ಜರ್ಮನ್ ಟಿವಿ ನಮ್ಮ ಹಾಲ್‌ನಲ್ಲೇ ಇದೆಯೇನೋ ಎನ್ನುವಂತೆ ಕೇಳುತ್ತಿತ್ತು. ನಮಗೂ ಅವರಿಗೂ ಮಾತಿರಲಿಲ್ಲ. ನಾನು ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ ಹೊಗೆಗೆ ಎರಡು ಸಲ ಕಾರಿಡಾರಿನ ಅಲಾರ್ಮ್ ಹೊಡೆದುಕೊಂಡು ಇಡೀ ಬಿಲ್ಡಿಂಗಿನವರು ಚಳಿಯಲ್ಲಿ ಪಾರ್ಕಿಂಗ್ ಲಾಟಿಗೆ ಇಳಿದು ನಿಲ್ಲಬೇಕಾಯಿತು. ಬೆಕರ್ ನನ್ನ ಮೇಲೆ ಬಿಲ್ಡಿಂಗಿನ ಆಫೀಸಿಗೆ ದೂರು ಕೊಟ್ಟರು. ಮಂಜುನಾಥ್ ಸುಮ್ಮನಿರದೆ ಅವರ ಟಿವಿಯ ಮೇಲೆ ದೂರು ಕೊಟ್ಟರು. ಆಮೇಲೆ ಲಿಫ್ಟಿನಲ್ಲಿ ಎದುರಾದರೆ ಇಬ್ಬರೂ ನಂಬರುಗಳನ್ನು ನೋಡುತ್ತಾ ನಿಲ್ಲುತ್ತಿದ್ದೆವು.

ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೋಗಿ ಅವರ ಬಾಗಿಲು ಬಡಿದೆ. ಬಾಗಿಲು ತೆಗೆದವರು, ನಾನು ಬಾಯಿ ತೆರೆಯುವ ಮೊದಲೇ, "ಕಡಿಮೆ ಮಾಡಿಯೇ ಇಟ್ಟಿದ್ದೇನೆ" ಎಂದರು.

"ಅದಕ್ಕೆ ಬಂದದ್ದಲ್ಲ. ನನಗೆ ನಿಮ್ಮ ಟಿವಿ ನೋಡಬೇಕು" ಎಂದೆ. ಅಷ್ಟು ಹೇಳುವುದರೊಳಗೆ ಅಳು ಬಂತು.

ಅವರು ಪೂರ್ತಿ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಸೋಫಾದ ಮೇಲಿದ್ದ ಪೇಪರುಗಳನ್ನು ಎತ್ತಿ ಜಾಗ ಮಾಡಿದರು. ನಾನು ತಂಗಿಯ ವಿಷಯ ಹೇಳಿದೆ. ಊರಿನ ಹೆಸರು ಕೇಳಿದರು, ಹೇಳಿದೆ. ಯಾವ ರಾಜ್ಯ ಎಂದು ಕೇಳಿದರು. ಜರ್ಮನಿಯಲ್ಲಿ ರಾಜ್ಯಗಳಿವೆ ಎಂಬುದೇ ಆ ಕ್ಷಣ ನನ್ನ ತಲೆಯಲ್ಲಿರಲಿಲ್ಲ. ಫ್ರಾಂಕ್‌ಫರ್ಟ್ ಹತ್ತಿರ ಎಂದೆ.

ಟಿವಿಯಲ್ಲಿ ಜರ್ಮನಿಯ ರಾತ್ರಿ ಎಂಟರ ವಾರ್ತೆ ನಡೆದಿತ್ತು, ಇಲ್ಲಿಯ ಮಧ್ಯಾಹ್ನ ಎರಡಕ್ಕೆ ಅದು ಬರುತ್ತದೆ. ಹೆಲಿಕಾಪ್ಟರಿನಿಂದ ತೆಗೆದ ಚಿತ್ರಗಳು, ಯಾರೋ ಮಂತ್ರಿ ಬೂಟು ಹಾಕಿಕೊಂಡು ಕೆಸರಿನಲ್ಲಿ ನಡೆಯುವುದು. ಬೆಕರ್ ಒಂದೊಂದೇ ವಾಕ್ಯವನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಎಷ್ಟು ಜನ ಕಾಣೆಯಾಗಿದ್ದಾರೆ ಎಂಬ ಲೆಕ್ಕ ಇನ್ನೂ ಸಿಕ್ಕಿಲ್ಲ ಎಂದು ಹೇಳುವಾಗ ಮಾತ್ರ ದನಿ ತಗ್ಗಿಸಿದರು. ಶೋಭಾಳ ಊರಿನ ಹೆಸರು ಬರಲಿಲ್ಲ.

"ಇದು ಇಡೀ ದೇಶದ ಚಾನೆಲ್. ಇವರಿಗೆ ನಿಮ್ಮ ತಂಗಿಯ ಊರು ಕಾಣುವುದಿಲ್ಲ. ಆಯಾ ಭಾಗದ ಚಾನೆಲ್ ನೋಡಬೇಕು" ಎಂದರು.

ಜರ್ಮನಿಯಲ್ಲಿ ಹೀಗಂತೆ. ಪ್ರತಿ ಮನೆಯಿಂದ ತಿಂಗಳು ತಿಂಗಳು ಶುಲ್ಕ ತೆಗೆದುಕೊಂಡು ಟಿವಿ, ರೇಡಿಯೋ ನಡೆಸುತ್ತಾರೆ. ಅದು ಸರ್ಕಾರದ್ದೂ ಅಲ್ಲ, ಸಾಹುಕಾರರದ್ದೂ ಅಲ್ಲ. ದೇಶಕ್ಕೆಲ್ಲ ಒಂದೆರಡು ಚಾನೆಲ್, ಅದಲ್ಲದೆ ಒಂದೊಂದು ಭಾಗಕ್ಕೆ ಅದರದೇ ಚಾನೆಲ್. ಬೆಕರ್ ಅವರ ತಂಗಿ ಅಲ್ಲಿದ್ದಾಳೆ, ಶುಲ್ಕ ಕಟ್ಟುವಾಗಲೆಲ್ಲ ಶಾಪ ಹಾಕುತ್ತಾಳಂತೆ. "ಅವಳು ಕಟ್ಟುತ್ತಾಳೆ, ನಾನು ನೋಡುತ್ತೇನೆ" ಎಂದರು. ನನ್ನನ್ನು ನಗಿಸಲು ಹೇಳಿದ್ದಿರಬೇಕು. ನನಗೆ ನಗು ಬರಲಿಲ್ಲ.

ರಿಮೋಟ್ ತೆಗೆದುಕೊಂಡು ಬೇರೆ ಚಾನೆಲ್ ಹಾಕಿದರು. ಅಲ್ಲೂ ವಾರ್ತೆ ಓದುವ ಅದೇ ಹೆಂಗಸು, ಅದೇ ಮಂತ್ರಿ. ಇನ್ನೊಂದು ಹಾಕಿದರು, ಅಲ್ಲೂ ಅದೇ. ಎಂಟು ಗಂಟೆಗೆ ಹೆಚ್ಚಿನ ಚಾನೆಲ್‌ಗಳು ಈ ಒಂದೇ ವಾರ್ತೆಯನ್ನು ಹಾಕುತ್ತವೆ, ಮುಗಿದ ಮೇಲೇ ತಮ್ಮ ತಮ್ಮ ಕಾರ್ಯಕ್ರಮಕ್ಕೆ ಹೋಗುತ್ತವೆ, ಕಾಯಬೇಕು ಎಂದರು. ಕಾಲು ಗಂಟೆಯ ವಾರ್ತೆ ಅದು. ಆಟದ ಸುದ್ದಿ ಬಂತು, ಕೊನೆಗೆ ಹವಾಮಾನ ಬಂತು. ಹವಾಮಾನದವನು ಮ್ಯಾಪಿನ ಮೇಲೆ ಕೈಯಾಡಿಸಿ ಇನ್ನೂ ಮಳೆಯಿದೆ ಎಂದ. ಅದಕ್ಕೆ ಯಾರೂ ಅನುವಾದ ಹೇಳಬೇಕಾಗಿರಲಿಲ್ಲ. ಮೋಡದ ಚಿತ್ರ ಎಲ್ಲರಿಗೂ ತಿಳಿಯುತ್ತದೆ.

ವಾರ್ತೆ ಮುಗಿಯಿತು. ಬೆಕರ್ ಫ್ರಾಂಕ್‌ಫರ್ಟ್ ಭಾಗದ ಚಾನೆಲ್ ಇಟ್ಟರು. ಅಲ್ಲಿ ಗಡ್ಡದವನೊಬ್ಬ ಗುಡ್ಡ ಹತ್ತಿ, ಒಂದು ತೋಟದ ಮನೆಯ ಮುಂದೆ ಕುಳಿತು ಆಡಿನ ಹಾಲಿನ ಚೀಸ್ ತಿನ್ನುತ್ತಿದ್ದ. ಹಿಂದೆ ಹಸುಗಳು ಮೇಯುತ್ತಿದ್ದವು. ನನಗೆ ಸಿಟ್ಟು ನೆತ್ತಿಗೇರಿತು. ಜನ ಮುಳುಗುತ್ತಿರುವಾಗ ಇವನು ತಿನ್ನುತ್ತಾ ಕುಳಿತಿದ್ದಾನಲ್ಲ ಎಂದೆ.

"ಒಳ್ಳೆಯದೇ ಆಯಿತಲ್ಲ" ಎಂದರು ಬೆಕರ್. "ಇವರು ಚೀಸ್ ತೋರಿಸುತ್ತಿದ್ದಾರೆ ಎಂದರೆ ಇವರ ಕಡೆ ನೀರು ಬಂದಿಲ್ಲ. ನಿಮ್ಮ ತಂಗಿ ನಿಜವಾಗಿ ಫ್ರಾಂಕ್‌ಫರ್ಟ್ ಹತ್ತಿರ ಇದ್ದರೆ ಅವಳಿಗೆ ಏನೂ ಆಗಿಲ್ಲ."

"ಹಾಗಾದರೆ ಫೋನ್ ಯಾಕೆ ಹೋಗುತ್ತಿಲ್ಲ?"

 ಬೆಕರ್, ತಂಗಿ ಕಳಿಸಿದ ಫೋಟೋಗಳಿದ್ದರೆ ತೋರಿಸಿ ಎಂದರು. ಫೋನ್ ಕೊಟ್ಟೆ. ಶೋಭಾ ಮಾಡಿದ ಜೋಳದ ರೊಟ್ಟಿ, ಕಿಟಕಿಯಾಚೆಯ ಹಿಮ, ಹೊಸ ಶೂಸು, ಇಂಥವೇ ಫೋಟೋಗಳು. ಅವರು ಬೆರಳಿನಿಂದ ಸರಿಸುತ್ತಾ ಹೋಗಿ ಒಂದು ಕಡೆ ನಿಂತರು. ನೀಲಿ ಯೂನಿಫಾರ್ಮಿನಲ್ಲಿ ಶೋಭಾ ಆಶ್ರಮದ ಬಿಳಿ ಕಾರಿಗೆ ಒರಗಿ ನಿಂತ ಫೋಟೋ ಅದು. ಡ್ರೈವಿಂಗ್ ಲೈಸೆನ್ಸ್ ಸಿಕ್ಕ ದಿನ ಕಳಿಸಿದ್ದಳು. ಬೆಕರ್ ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಚಿತ್ರ ದೊಡ್ಡದು ಮಾಡಿದರು. ಅವರು ನೋಡುತ್ತಿದ್ದದ್ದು ಶೋಭಾಳನ್ನಲ್ಲ, ಕಾರಿನ ನಂಬರ್ ಪ್ಲೇಟನ್ನು. ಅಲ್ಲಿನ ಪ್ಲೇಟಿನ ಮೊದಲ ಅಕ್ಷರಗಳು ಯಾವ ಜಿಲ್ಲೆಯ ಗಾಡಿ ಎಂದು ಹೇಳುತ್ತವೆ. ಗದಗದ ಗಾಡಿಗೆ ಕೆಎ ಇಪ್ಪತ್ತಾರು ಇರುವ ಹಾಗೆ.

"ಇದು ಫ್ರಾಂಕ್‌ಫರ್ಟ್ ಅಲ್ಲ" ಎಂದರು. "ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ರಾಜ್ಯವೇ ಬೇರೆ."

"ಅವಳೇ ಹಾಗೆ ಹೇಳಿದ್ದು."

"ಇಳಿದ ಏರ್‌ಪೋರ್ಟಿನ ಹೆಸರು ಹೇಳಿದ್ದಾಳೆ. ನೀವು ಎಲ್ಲಿದ್ದೀರಿ ಎಂದು ನಿಮ್ಮ ಊರಿನವರಿಗೆ ಏನು ಹೇಳುತ್ತೀರಿ?"

"ನ್ಯೂಯಾರ್ಕ್" ಎಂದೆ.

"ನಾನೂ ಅದನ್ನೇ ಹೇಳುತ್ತೇನೆ" ಎಂದರು. ಆದರೆ ಅವರ ಮುಖದಲ್ಲಿ ನಗುವಿರಲಿಲ್ಲ. ಆ ಜಿಲ್ಲೆ ಯಾವುದೆಂದು ಅವರಿಗೆ ಗೊತ್ತಾಗಿತ್ತು, ಅವರ ಮುಖ ನೋಡಿ ನನಗೂ ಗೊತ್ತಾಯಿತು. ಸ್ವಲ್ಪ ಹೊತ್ತಿನ ಹಿಂದೆ ಹೆಲಿಕಾಪ್ಟರಿನಿಂದ ತೋರಿಸಿದ್ದು ಅದೇ ಕಡೆಯ ಹೊಳೆ.

ಆ ಭಾಗದ ಚಾನೆಲ್ ಹಾಕಿದರೆ ಪರದೆ ಪೂರ್ತಿ ನೀಲಿಯಾಗಿ ಎರಡು ಸಾಲು ಜರ್ಮನ್ ಬರಹ ಬಂತು. ಪ್ರಸಾರದ ಹಕ್ಕಿನ ಕಾರಣದಿಂದ ಈ ಕಾರ್ಯಕ್ರಮ ನಿಮ್ಮ ದೇಶದಲ್ಲಿ ಲಭ್ಯವಿಲ್ಲ ಎಂದು ಅದರ ಅರ್ಥ. ಬೆಕರ್ ಜರ್ಮನ್‌ನಲ್ಲಿ ಏನೋ ಬೈದರು. ಎದ್ದು ಒಳಗಿನಿಂದ ಒಂದು ಹಳೆಯ ಲ್ಯಾಪ್‌ಟಾಪ್ ತಂದರು. ವಾರ್ತೆಗೆ ಬೀಗ ಹಾಕುವುದಿಲ್ಲ, ಅದನ್ನು ಅವರದೇ ವೆಬ್‌ಸೈಟಿನಲ್ಲಿ ಬಿಟ್ಟಿರುತ್ತಾರೆ ಎಂದರು. ಲ್ಯಾಪ್‌ಟಾಪ್ ಆನ್ ಆಗುವುದಕ್ಕೆ ತೆಗೆದುಕೊಂಡ ಹೊತ್ತು ನನಗೆ ಈಗಲೂ ನೆನಪಿದೆ. ಅಷ್ಟರಲ್ಲಿ ಅವ್ವನ ಫೋನ್ ಮತ್ತೆ ಬಂತು. ಎತ್ತಲಿಲ್ಲ. ಎತ್ತಿ ಏನು ಹೇಳಲಿ?

ಚಿತ್ರ ಬಂತು. ಅಲ್ಲಿ ಚೀಸ್ ಇರಲಿಲ್ಲ, ಹಸು ಇರಲಿಲ್ಲ. ಬೆಳಗಿನಿಂದ ಬೇರೆ ಕಾರ್ಯಕ್ರಮಗಳನ್ನೆಲ್ಲ ತೆಗೆದುಹಾಕಿ ಒಂದೊಂದೇ ಊರನ್ನು ತೋರಿಸುತ್ತಿದ್ದಾರೆ ಎಂದರು ಬೆಕರ್. ಯಾವ ರಸ್ತೆ ಮುಚ್ಚಿದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಮನೆಯವರನ್ನು ಹುಡುಕುವವರು ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಕೆಳಗೆ ಅಕ್ಷರಗಳು ಓಡುತ್ತಿದ್ದವು. ಅವರು ಆ ನಂಬರನ್ನು ಪೇಪರಿನ ಅಂಚಿನಲ್ಲಿ ಬರೆದುಕೊಂಡರು. ನಾನು ಓಡುವ ಅಕ್ಷರಗಳಲ್ಲಿ ಊರಿನ ಹೆಸರು ಹುಡುಕುತ್ತಾ ಕುಳಿತೆ. ಬಹಳ ಹೊತ್ತಾದ ಮೇಲೆ ಬಂತು. ಲಿಂಡೆನ್‌ಬಾಖ್. ಅಕ್ಷರಗಳಲ್ಲಲ್ಲ, ಚಿತ್ರದ ಮೇಲೇ.

ಉದ್ದ ಬೂಟಿನ ವರದಿಗಾರ್ತಿಯೊಬ್ಬಳು ಒಂದು ಶಾಲೆಯ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದಳು. ಬೆಕರ್ ನನ್ನ ತೋಳು ಹಿಡಿದುಕೊಂಡು ಅನುವಾದ ಮಾಡತೊಡಗಿದರು. ಊರಿನ ಕೆಳಗಿನ ಅರ್ಧ ನೀರಿನಲ್ಲಿದೆ. ಆಶ್ರಮದ ಕೆಳಮಹಡಿ ಪೂರ್ತಿ ಮುಳುಗಿದೆ. ಅಲ್ಲಿದ್ದವರನ್ನು ದೋಣಿಯಲ್ಲಿ ತಂದು ಈ ಶಾಲೆಯ ಆಟದ ಹಾಲ್‌ನಲ್ಲಿ ಇರಿಸಿದ್ದಾರೆ. ಎಲ್ಲರನ್ನೂ ತಂದಿದ್ದಾರಾ ಎಂದು ಕೇಳಿದೆ. ಅದನ್ನು ಅವಳು ಹೇಳಲಿಲ್ಲ ಎಂದರು.

ವರದಿಗಾರ್ತಿ ಮಾತಾಡುತ್ತಲೇ ಹಾಲ್‌ನ ಒಳಗೆ ನಡೆದಳು. ಕ್ಯಾಮೆರಾ ಹಿಂದೆ ಹೋಯಿತು. ಸಾಲಾಗಿ ಮಡಚುವ ಮಂಚಗಳು, ಕಂಬಳಿ ಹೊದ್ದ ಅಜ್ಜ ಅಜ್ಜಿಯರು. ಕ್ಯಾಮೆರಾ ಒಂದು ಮೂಲೆಗೆ ತಿರುಗಿತು. ಅಲ್ಲಿ ಬೆಡ್‌ಶೀಟನ್ನು ಪರದೆಯಂತೆ ಕಟ್ಟಿದ್ದರು. ಪರದೆ ಸರಿಸಿಕೊಂಡು ಒಬ್ಬಳು ಹೊರಗೆ ಬಂದಳು. ಮೊಣಕಾಲಿನವರೆಗೆ ಕೆಸರು, ನೀಲಿ ಯೂನಿಫಾರ್ಮು, ಕೂದಲನ್ನು ಹೇಗೋ ಸುತ್ತಿ ಕಟ್ಟಿದ್ದಳು. ನೇರವಾಗಿ ಕ್ಯಾಮೆರಾದ ಮುಂದೆ ಬಂದು, ಅಂಗೈ ಅಡ್ಡ ಹಿಡಿದು, ಜರ್ಮನ್‌ನಲ್ಲಿ ಜೋರು ಮಾಡತೊಡಗಿದಳು.

ಶೋಭಾ.

ನಾನು ಎದ್ದು ನಿಂತು ಏನೇನೋ ಅಂದೆನಂತೆ, ಎಲ್ಲ ಕನ್ನಡದಲ್ಲಿ. ನನಗೆ ನೆನಪಿಲ್ಲ. ನೆನಪಿರುವುದು ಬೆಕರ್ ನಗುತ್ತಿದ್ದದ್ದು. ಆ ಮನುಷ್ಯ ನಗುವುದನ್ನು ಅದೇ ಮೊದಲು ನೋಡಿದೆ. ಏನು ಹೇಳುತ್ತಿದ್ದಾಳೆ ಎಂದು ಕೇಳಿದೆ.

"ಇಲ್ಲಿ ಬಟ್ಟೆ ಬದಲಾಯಿಸುತ್ತಿದ್ದೇವೆ, ನಿಮ್ಮ ಅಜ್ಜಿಯನ್ನು ಹೀಗೆ ಟಿವಿಯಲ್ಲಿ ತೋರಿಸುತ್ತೀರಾ, ಮೊದಲು ಹೊರಗೆ ನಡೆಯಿರಿ ಎನ್ನುತ್ತಿದ್ದಾಳೆ. ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ."

ವರದಿಗಾರ್ತಿ ಕ್ಷಮೆ ಕೇಳಿ ಹಿಂದಕ್ಕೆ ಹೆಜ್ಜೆಯಿಟ್ಟಳು. ಚಿತ್ರ ಮತ್ತೆ ಶಾಲೆಯ ಬಾಗಿಲಿಗೆ ಬಂತು. ಆಗ ನನಗೆ ಇನ್ನೊಂದು ಹೆದರಿಕೆ. ಇದು ಬೆಳಗ್ಗೆ ತೆಗೆದದ್ದೋ, ಈಗಿನದ್ದೋ? ಬೆಕರ್ ಚಿತ್ರದ ಮೂಲೆಗೆ ಬೆರಳು ತೋರಿಸಿದರು. ಅಲ್ಲಿ ಲೈವ್ ಎಂದಿತ್ತು. ಅಂದರೆ ನನ್ನ ತಂಗಿ ಅದೇ ಗಳಿಗೆಯಲ್ಲಿ, ಆ ಬೆಡ್‌ಶೀಟಿನ ಹಿಂದೆ, ಗಟ್ಟಿಮುಟ್ಟಾಗಿ ಇದ್ದಳು. ನಾನು ಅವರ ಕಾರ್ಪೆಟ್ಟಿನ ಮೇಲೆ ಕುಳಿತುಬಿಟ್ಟೆ. ಅವರು ಒಂದು ಗ್ಲಾಸ್ ನೀರು ತಂದು ಕೈಗಿಟ್ಟರು.

ಅವ್ವನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಶೋಭಾಳನ್ನು ಟಿವಿಯಲ್ಲಿ ನೋಡಿದೆ, ಟಿವಿಯವರಿಗೆ ಬೈಯುತ್ತಿದ್ದಳು ಎಂದೆ. 

"ಬೈಯಾಕತ್ತಿದ್ಲಾ? ಹಂಗಾರ ಆರಾಮ ಅದಾಳ ಬಿಡು" ಎಂದಳು. ಆಮೇಲೆ ಫೋನ್ ಹಿಡಿದುಕೊಂಡೇ ಅತ್ತಳು.

ಬೆಕರ್ ಅಷ್ಟಕ್ಕೆ ಬಿಡಲಿಲ್ಲ. ಬರೆದುಕೊಂಡ ನಂಬರಿಗೆ ಫೋನ್ ಹಚ್ಚಿ, ಬಹಳ ಹೊತ್ತು ಸಂಗೀತ ಕೇಳುತ್ತಾ ಕಾದರು. ಲೈನ್ ಸಿಕ್ಕಾಗ ಕಿವಿ ಮಂದದವರ ಗಟ್ಟಿ ದನಿಯಲ್ಲಿ ಎಲ್ಲ ಹೇಳಿ, ನನ್ನ ನಂಬರನ್ನು ಎರಡು ಸಲ ಬರೆಸಿದರು. ಅಮೆರಿಕದಲ್ಲಿ ಅಕ್ಕ ಕಾಯುತ್ತಿದ್ದಾಳೆ, ಅವಳಿಗೆ ಹೇಳಿ ಎಂದರು. ಮಂಜುನಾಥ್ ಮನೆಯ ದಾರಿಯಲ್ಲಿ, ಸೀಕಾಕಸ್ ಸ್ಟೇಷನ್ನಿನಲ್ಲಿ ಟ್ರೈನಿಗೆ ಕಾಯುತ್ತಾ ಸಿಕ್ಕಿಹಾಕಿಕೊಂಡಿದ್ದರು. ಅವರಿಗೂ ಹೇಳಿದೆ. "ನಾನು ಹೇಳ್ಲಿಲ್ವಾ ಟವರ್ ಹೋಗಿರತ್ತೆ ಅಂತ" ಎಂದರು.

ಸಂಜೆಗೆ ಮುಂಚೆ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು. ಯಾರದೋ ಫೋನ್ ಇಸಿದುಕೊಂಡು ಮಾಡಿದ್ದಳು. "ಅಕ್ಕಾ, ಹೆದರಿದ್ಯೇನು?" ಎಂದಳು. ಸುಸ್ತಾದ ದನಿ, ಆದರೆ ಅವಳದೇ ದನಿ. ಹಿಂದಿನ ರಾತ್ರಿ ನೀರು ಏರಿದಾಗ ಡ್ಯೂಟಿಯಲ್ಲಿದ್ದವರು ಇಬ್ಬರೇ. ಲಿಫ್ಟ್ ನಿಂತಿತ್ತು. ಕೆಳಮಹಡಿಯವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತೊಯ್ದಿದ್ದಾರೆ. ಅದರ ನಡುವೆ ಅವಳ ಫೋನ್ ನೀರಿಗೆ ಬಿದ್ದಿದೆ. ಬೆಳಗ್ಗೆ ದೋಣಿಗಳು ಬಂದವು. "ಎಲ್ಲಾರೂ ಅದಾರ ಅಕ್ಕಾ. ಒಬ್ಬರೂ ಹೋಗಲಿಲ್ಲ" ಎಂದಳು. ಟಿವಿಯಲ್ಲಿ ನೋಡಿದೆ ಎಂದಾಗ ಅವಳಿಗೆ ಗಾಬರಿಯಾಯಿತು. ಬೈದದ್ದು ಬಂತೇನು, ಮೇಲಿನವರು ನೋಡಿದರೆ ಏನೆನ್ನುತ್ತಾರೋ ಎಂದಳು.

ಮಧ್ಯಾಹ್ನದಿಂದ ಎದೆಯಲ್ಲಿ ಕುಳಿತಿದ್ದ ಮಾತನ್ನು ಆಗ ಕೇಳಿಯೇಬಿಟ್ಟೆ. "ನಿನ್ನ ಅಲ್ಲಿಗೆ ಕಳಿಸಿದ್ದು ತಪ್ಪಾತೇನವ್ವಾ?"

"ಏನ್ ಮಾತಾಡ್ತೀ ಅಕ್ಕಾ" ಎಂದಳು. "ನಾ ಇರಲಿಲ್ಲಂದ್ರ ಈ ಮುದುಕ್ಯಾರನ್ನ ಯಾರು ಎತ್ತತಿದ್ರು? ಇಡ್ತೀನಿ ತಡಿ, ಗುಳಿಗಿ ಕೊಡೂ ಹೊತ್ತಾತು." ಫೋನ್ ಇಟ್ಟೇಬಿಟ್ಟಳು.

ಮಂಜುನಾಥ್ ಮನೆಗೆ ಬಂದಾಗ ನಾನು ತಟ್ಟೆ ತುಂಬ ಅನ್ನ ಹಾಕಿಕೊಂಡು, ಅಡಿಗೆಮನೆಯಲ್ಲಿ ನಿಂತೇ ಗಬಗಬ ತಿನ್ನುತ್ತಿದ್ದೆ. ಬೆಳಗ್ಗೆಯಿಂದ ಹಸಿದಿದ್ದೆ ಎಂಬುದು ಆಗಲೇ ಗೊತ್ತಾದದ್ದು. ಅವರು ಬ್ಯಾಗನ್ನೂ ಇಳಿಸದೆ ನೋಡುತ್ತಾ ನಿಂತರು.

ಇಂದಿಗೂ ಆ ಕಡೆ ಮಳೆ ಎಂಬ ಸುದ್ದಿ ಬಂದರೆ ನನ್ನ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಆ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲವೇನೋ. ಆದರೆ ಅವಳನ್ನು ಕಳಿಸಿದ್ದು ತಪ್ಪೋ ಸರಿಯೋ ಎಂದು ಆ ದಿನದಿಂದ ನಾನು ನನ್ನನ್ನು ಕೇಳಿಕೊಂಡಿಲ್ಲ. ಆ ಪ್ರಶ್ನೆಯನ್ನು ಅವಳೇ ಮುಗಿಸಿದಳು, ಗುಳಿಗೆ ಕೊಡುವ ಅವಸರದಲ್ಲಿ.